ಮನೆಗೆ ಬಂದ ಆಮೆ ಮತ್ತು ದಾಸೋಹಭಾವ

ಶರಣಧರ್ಮದಲ್ಲಿ ದಯೆಗೆ ಇರುವ ಸ್ಥಾನವನ್ನು ಭಕ್ತರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಬಸವಾದಿ ಪ್ರಮಥರು ದಯೆಯನ್ನು ಧರ್ಮಕ್ಕೆ ತೊಡಿಸಿದ ಒಡವೆಯೆಂದು ಎಣಿಸಲಿಲ್ಲ. ಧರ್ಮದ ಬೇರೆಂದೇ ಎಣಿಸಿದರು. ಆದರೆ ದಯೆಯೆಂಬ ಮಾತು ನಾಲಗೆಗೆ ಎಷ್ಟು ಸುಲಭವೋ ನಡೆಗೆ ಅಷ್ಟು ಸುಲಭವಲ್ಲ. ದಯೆ ತೋರುತ್ತಿರುವೆನೆಂದು ಭಾವಿಸಿದ ಮನುಷ್ಯನು ಅನೇಕ ವೇಳೆ ತನ್ನ ಆಶೆಯನ್ನೇ ತೀರಿಸಿಕೊಳ್ಳುತ್ತಿರುವನು. ತನ್ನಿಂದ ಉಪಕಾರ ಪಡೆದ ಜೀವಿಯು ತನ್ನನ್ನು ಗುರುತಿಸಬೇಕು, ತನ್ನ ಕೈಗೆ ಒಲಿಯಬೇಕು, ತನ್ನ ಮನೆಯ ರೀತಿಗೆ ಬೇಗನೆ ಹೊಂದಿಕೊಳ್ಳಬೇಕು ಎಂಬ ನಿರೀಕ್ಷೆಯು ಆತನ ಅಂತರಂಗದಲ್ಲಿ ಅಡಗಿರುತ್ತದೆ. ಆ ನಿರೀಕ್ಷೆ ಫಲಿಸದಿದ್ದಾಗ ದಯೆಯು ಉಳಿಯುವುದೆ, ಬಾಡುವುದೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಆಮೆಗಿಂತ ತಕ್ಕ ಪ್ರಾಣಿಯು ದೊರೆಯುವುದು ಕಷ್ಟ. ನಾಯಿಯು ಒಂದು ತುತ್ತು ಅನ್ನಕ್ಕೆ ಬಾಲವಾಡಿಸುತ್ತದೆ. ಹಸುವು ಮೈ ಸವರಿದವನ ಕೈಯನ್ನು ನೆಕ್ಕುತ್ತದೆ. ಗಿಳಿಯು ಕಲಿಸಿದ ಮಾತನ್ನು ಆಡಿ ಮನೆಯವರನ್ನು ನಗಿಸುತ್ತದೆ. ಇವೆಲ್ಲ ಒಂದು ಬಗೆಯಲ್ಲಿ ಕೊಟ್ಟುದಕ್ಕೆ ದೊರೆತ ಪ್ರತಿಫಲಗಳು. ಹೊಸ ಮನೆಗೆ ಬಂದ ಆಮೆಯಾದರೋ ಇಂಥ ಯಾವ ಪ್ರತಿಫಲವನ್ನೂ ಕೊಡುವುದಿಲ್ಲ. ಅದು ತಲೆಯನ್ನೂ ಕಾಲುಗಳನ್ನೂ ಒಳಗೆ ಸೆಳೆದುಕೊಂಡು ಕಲ್ಲಿನಂತೆ ಕುಳಿತುಬಿಡುತ್ತದೆ. ಇಟ್ಟ ಸೊಪ್ಪನ್ನು ಮೂಸಿ ನೋಡುವುದೂ ಇಲ್ಲ. ಯಾರೂ ಇಲ್ಲದಾಗ ಹೊರಟು ಗೋಡೆಯ ಬದಿಯಲ್ಲಿಯೇ ಮೂಲೆಯಿಂದ ಮೂಲೆಗೆ ಅಲೆಯುತ್ತದೆ. ಅಡಗುವುದಕ್ಕೆ ಎಡೆ ಕಂಡರೆ ಅದರೊಳಗೆ ಸೇರಿ ದಿನಗಟ್ಟಲೆ ಹೊರಬರುವುದಿಲ್ಲ. ಉತ್ಸಾಹದಿಂದ ತಂದ ಗೃಹಸ್ಥನು ಮೊದಲನೆಯ ದಿನ ಮಕ್ಕಳನ್ನೆಲ್ಲ ಕರೆದು ತೋರಿಸುವನು. ಮೂರನೆಯ ದಿನ ಬೇಸರಪಡುವನು. ವಾರ ಕಳೆಯುವುದರೊಳಗೆ ಇದು ಜಡಪ್ರಾಣಿ ಎಂದು ತೀರ್ಮಾನಿಸುವನು.

ಆದರೆ ಆ ಪ್ರಾಣಿಯ ಕಡೆಯಿಂದ ನೋಡಿದರೆ ಈ ನಡತೆಯಲ್ಲಿ ಜಡತೆಯೇನೂ ಇಲ್ಲ. ಆಮೆಯ ಮೈಗೆ ಮನುಷ್ಯನ ಮೈಯಂತೆ ಒಳಗಿನಿಂದ ಹುಟ್ಟಿ ಒಂದೇ ಸಮನಾಗಿ ನಿಲ್ಲುವ ಬಿಸಿಯಿಲ್ಲ. ಅದು ಬಿಸಿಲಿನಿಂದಲೂ ಕಾದ ನೆಲದಿಂದಲೂ ಶಾಖವನ್ನು ಪಡೆದು ಬದುಕುವ ಜೀವಿ. ಮೈ ಕಾಯದಿದ್ದರೆ ಅದಕ್ಕೆ ಹಸಿವೂ ಹುಟ್ಟದು, ತಿಂದುದೂ ಅರಗದು. ಆದುದರಿಂದ ಹಳೆಯ ಸ್ಥಳದಲ್ಲಿ ಮುಂಜಾನೆಯ ಬಿಸಿಲು ಎಲ್ಲಿ ಬೀಳುವುದು, ನಡುಹಗಲಿನ ನೆರಳು ಎಲ್ಲಿರುವುದು, ಇರುಳಿನ ತಂಪಿಗೆ ಯಾವ ಪೊದೆಯ ಬುಡ ಸೇರಬೇಕು ಎಂಬುದೆಲ್ಲವನ್ನೂ ಅದು ತನ್ನ ನಿಧಾನದ ಹೆಜ್ಜೆಗಳಿಂದ ಕಲಿತುಕೊಂಡಿರುತ್ತದೆ. ಸ್ಥಳ ಬದಲಾದ ಕೂಡಲೆ ಆ ಕಲಿಕೆಯೆಲ್ಲವೂ ವ್ಯರ್ಥವಾಗುತ್ತದೆ. ಗೋಡೆಯ ಬದಿಯಲ್ಲಿ ಅಲೆಯುವುದೆಂದರೆ ಅದು ಹೊಸ ಲೋಕದ ಎಲ್ಲೆಯನ್ನು ಅರಿಯಲು ಪಡುವ ಶ್ರಮ. ಅಡಗುವುದೆಂದರೆ ಅಪಾಯವಿಲ್ಲವೆಂಬ ನಂಬಿಕೆ ಹುಟ್ಟುವ ತನಕ ಕಾಯುವ ವಿವೇಕ.

ಆಮೆಯು ತನ್ನ ಮನೆಯನ್ನು ಬೆನ್ನ ಮೇಲೆಯೇ ಹೊತ್ತಿದೆ, ಅದಕ್ಕೆ ಎಲ್ಲಿಟ್ಟರೂ ಒಂದೇ ಎಂದು ಜನರು ಭಾವಿಸುವುದುಂಟು. ಇದು ತಪ್ಪು ತಿಳಿವಳಿಕೆ. ಚಿಪ್ಪು ಆಮೆಯ ಮನೆಯಲ್ಲ, ಅದರ ಮೈ. ಬೆನ್ನೆಲುಬೂ ಪಕ್ಕೆಲುಬುಗಳೂ ಚಿಪ್ಪಿನೊಡನೆ ಒಂದಾಗಿ ಬೆಳೆದಿರುತ್ತವೆ. ಅದರಲ್ಲಿ ಜೀವವಿದೆ, ಸ್ಪರ್ಶದ ಅರಿವಿದೆ, ಒಡೆದರೆ ನೋವಿದೆ. ಬಸವನಹುಳು ಮೊದಲ್ಗೊಂಡು ಯಾವ ಜೀವಿಯೂ ಮೈಯಿದ್ದ ಮಾತ್ರಕ್ಕೆ ನೆಲೆಯುಳ್ಳದ್ದೆಂದು ಹೇಳಲಾಗದು. ಗಟ್ಟಿಯಾದ ಹೊರಮೈಯನ್ನು ಕಂಡು ಒಳಗೆ ನೋವಿಲ್ಲವೆಂದು ತಿಳಿಯುವ ಈ ದೋಷವನ್ನು ಮನುಷ್ಯನು ಮನುಷ್ಯರ ವಿಷಯದಲ್ಲಿಯೂ ಮಾಡುತ್ತಾನೆ. ಮಾತನಾಡದವನಿಗೆ ದುಃಖವಿಲ್ಲ, ಅಳದವಳಿಗೆ ಕಷ್ಟವಿಲ್ಲ ಎಂದು ಎಣಿಸುವವರು ಎಲ್ಲ ಮನೆಗಳಲ್ಲಿಯೂ ಇರುವರು.

ಒಂದು ಆಮೆಯ ಸ್ಥಳಾಂತರದ ವೃತ್ತಾಂತವು ಲೋಕಪ್ರಸಿದ್ಧವಾಗಿದೆ. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯಿದ್ದನು. 1720ರಲ್ಲಿ ಹುಟ್ಟಿ 1793ರಲ್ಲಿ ತೀರಿಕೊಂಡ ಈತನು ತನ್ನ ಊರಿನ ಹಕ್ಕಿ, ಹುಳು, ಗಿಡ, ಮಳೆ, ಬಿಸಿಲುಗಳನ್ನು ದಿನವೂ ನೋಡಿ ಬರೆದಿಟ್ಟವನು. ಆತನ ಪತ್ರಗಳು 1789ರಲ್ಲಿ ಗ್ರಂಥವಾಗಿ ಪ್ರಕಟವಾದುವು. ಆತನ ಸೋದರತ್ತೆ ರೆಬೆಕ್ಕಾ ಸ್ನೂಕ್ ಎಂಬಾಕೆ ಸಸೆಕ್ಸ್ ಪ್ರಾಂತದ ರಿಂಗ್ಮರ್ ಎಂಬಲ್ಲಿ ತನ್ನ ಗೋಡೆಯ ಅಂಗಳದಲ್ಲಿ ಒಂದು ಆಮೆಯನ್ನು ಸಾಕಿದ್ದಳು. ಅದು ಮೆಡಿಟರೇನಿಯನ್ ತೀರದ ಜಾತಿಗೆ ಸೇರಿದ ನೆಲದ ಆಮೆ. ಮೂವತ್ತು ವರ್ಷಗಳಿಗೂ ಮೀರಿ ತನಗೆ ಉಪಚಾರ ಮಾಡಿದ ಆ ವೃದ್ಧೆಯು ಕಣ್ಣಿಗೆ ಬಿದ್ದ ಕೂಡಲೆ ಆಮೆಯು ತನ್ನ ಕುಂಟುನಡೆಯಲ್ಲಿಯೇ ಆಕೆಯ ಕಡೆಗೆ ಅವಸರಪಡುವುದೆಂದೂ ಅಪರಿಚಿತರನ್ನು ಗಮನಿಸುವುದೇ ಇಲ್ಲವೆಂದೂ ವೈಟನು 1772ರ ಪತ್ರವೊಂದರಲ್ಲಿ ತಿಳಿಸಿದನು.

1780ರಲ್ಲಿ ಆ ವೃದ್ಧೆಯು ತೀರಿಕೊಂಡಳು. ಆಮೆಗೆ ಬೇರೆ ದಿಕ್ಕಿರಲಿಲ್ಲ. ಹುಟ್ಟಿದ ನಾಡಿಗೆ ಅದನ್ನು ಮರಳಿಸುವ ದಾರಿಯೂ ಇರಲಿಲ್ಲ. ವೈಟನು ಮಾರ್ಚ್ ತಿಂಗಳಲ್ಲಿ ಚಳಿಗಾಲದ ನಿದ್ರೆಯಲ್ಲಿದ್ದ ಅದನ್ನು ನೆಲದಿಂದ ಅಗೆದು ತೆಗೆದನು. ಅದು ಬುಸುಗುಟ್ಟಿ ತನ್ನ ಅಸಮಾಧಾನವನ್ನು ತೋರಿಸಿತು. ಆತನು ಅದನ್ನು ಮಣ್ಣು ತುಂಬಿದ ಪೆಟ್ಟಿಗೆಯಲ್ಲಿಟ್ಟು ಬಾಡಿಗೆಯ ಕುದುರೆಗಾಡಿಗಳಲ್ಲಿ 80 ಮೈಲಿ ದೂರ ಸಾಗಿಸಿ ಸೆಲ್ಬೋರ್ನಿಗೆ ತಂದನು. ದಾರಿಯ ಕುಲುಕಾಟದಿಂದ ಪೂರ್ಣವಾಗಿ ಎಚ್ಚತ್ತ ಆಮೆಯು ತೋಟದಲ್ಲಿ ಬಿಟ್ಟೊಡನೆ ಎರಡು ಸಲ ತೋಟದ ಕೊನೆಯವರೆಗೆ ನಡೆದುಹೋಯಿತು. ಸಂಜೆ ಚಳಿಯಾಗಲು ಸಡಿಲವಾದ ಮಣ್ಣಿನೊಳಗೆ ತನ್ನನ್ನು ಹೂತುಕೊಂಡಿತು. ವೈಟನು ಏಪ್ರಿಲ್ ತಿಂಗಳಲ್ಲಿ ಈ ಸಂಗತಿಯನ್ನು ಬರೆಯುವಾಗಲೂ ಅದು ಇನ್ನೂ ಹೊರಗೆ ಬಂದಿರಲಿಲ್ಲ.

ಇಲ್ಲಿ ವಿಚಾರ ಮಾಡತಕ್ಕ ಸಂಗತಿಗಳು ಎರಡಿವೆ. ಮೊದಲನೆಯದಾಗಿ, ವೈಟನು ಹಳೆಯ ನೆಲೆಯ ಮಣ್ಣಿನ ಆಸರೆಯನ್ನು ಪ್ರಯಾಣದಲ್ಲಿಯೂ ತಪ್ಪಿಸಲಿಲ್ಲ. ಹೊಸ ನೆಲೆಯಲ್ಲಿ ಅದು ಅಡಗಲು ಬಯಸಿದಾಗ ಮತ್ತೆ ಅಗೆದು ತೆಗೆಯಲಿಲ್ಲ. ತನ್ನ ಸಂತೋಷಕ್ಕಾಗಿ ಅದನ್ನು ಹೊರಗೆಳೆಯದೆ ವಾರಗಟ್ಟಲೆ ಮಣ್ಣಿನಲ್ಲಿಯೇ ಬಿಟ್ಟುದು ದೊಡ್ಡ ಸೇವೆಯೆಂದೇ ಹೇಳಬೇಕು. ಹೊಸ ಸ್ಥಳಕ್ಕೆ ಬಂದ ಆಮೆಗೆ ಬೇಕಾದುದು ಇಷ್ಟೇ: ಬಿಸಿಲು ಬೀಳುವ ಒಂದೆಡೆ, ನೆರಳಿರುವ ಒಂದೆಡೆ, ಕಣ್ಣಿಗೆ ಮರೆಯಾಗುವ ಒಂದೆಡೆ, ಅಗೆಯಲು ಒಣಮಣ್ಣು, ಮುಳುಗದಷ್ಟು ಮಾತ್ರ ಆಳವುಳ್ಳ ತಟ್ಟೆಯಲ್ಲಿ ನೀರು, ಮೊದಲು ತಿನ್ನುತ್ತಿದ್ದ ಸೊಪ್ಪು ಮತ್ತು ಹುಲ್ಲು. ಹಾಲು, ಅನ್ನ, ರೊಟ್ಟಿಗಳು ಮನುಷ್ಯನ ಆದರದ ಗುರುತುಗಳೇ ಹೊರತು ಆಮೆಯ ಆಹಾರವಲ್ಲ. ಇವೆಲ್ಲವನ್ನೂ ಒದಗಿಸಿದ ಮೇಲೆ ಉಳಿಯುವ ಮುಖ್ಯವಾದ ಉಪಚಾರವೆಂದರೆ ಎತ್ತದಿರುವುದು, ತಿರುಗಿಸದಿರುವುದು, ಬಂದವರಿಗೆಲ್ಲ ತೋರಿಸದಿರುವುದು.

ಎರಡನೆಯದಾಗಿ, ವೈಟನ ದಯೆಯೂ ಎಲ್ಲ ಸಮಯದಲ್ಲಿಯೂ ನಿರ್ಮಲವಾಗಿರಲಿಲ್ಲ. ಅದೇ ವರ್ಷ ಆತನು ಆಮೆಯನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು ನೋಡಿದನು. ಅದು ಮೆಲ್ಲನೆ ತಳಕ್ಕಿಳಿದು ದಿಗಿಲುಗೊಂಡು ಅಲ್ಲಿಯೇ ನಡೆಯತೊಡಗಿತು. ಕೂಗುವ ಕೊಳವೆಯನ್ನು ಹಿಡಿದು ಅದರ ಬಳಿ ಕೂಗಿಯೂ ನೋಡಿದನು. ಅದು ಲಕ್ಷ್ಯವನ್ನೇ ಕೊಡಲಿಲ್ಲ. ಇವು ಅರಿಯುವ ಹಂಬಲದಿಂದ ಮಾಡಿದ ಕಾರ್ಯಗಳೆಂಬುದು ನಿಜ. ಆದರೆ ಶರಣು ಬಂದ ಜೀವಿಯನ್ನು ಕುತೂಹಲದ ವಸ್ತುವನ್ನಾಗಿ ಮಾಡಿಕೊಂಡಾಗ ದಯೆಯು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಅರಿವಿಗೂ ಆಚಾರಕ್ಕೂ ಬಿರುಕು ಬೀಳಬಾರದೆಂದು ಶರಣರು ಒತ್ತಿ ಹೇಳಿದುದು ಇಂಥ ಸಂದರ್ಭಗಳಿಗೂ ಸಲ್ಲುತ್ತದೆ.

ವೈಟನ ಇನ್ನೊಂದು ಮಾತು ಹೆಚ್ಚು ಗಂಭೀರವಾದುದು. ಆಯುಷ್ಯದ ಬಹುಭಾಗವನ್ನು ಜಡನಿದ್ರೆಯಲ್ಲಿ ಕಳೆಯುವ ಈ ಪ್ರಾಣಿಗೆ ಸೃಷ್ಟಿಕರ್ತನು ಇಷ್ಟು ದೀರ್ಘಾಯುಸ್ಸನ್ನು ಏತಕ್ಕೆ ಕೊಟ್ಟನೋ ಎಂದು ಆತನು ಆಶ್ಚರ್ಯಪಟ್ಟನು. ಮನುಷ್ಯನ ಎಚ್ಚರವೇ ಬಾಳಿನ ಅಳತೆಗೋಲೆಂದು ಹಿಡಿದರೆ ಈ ಆಶ್ಚರ್ಯವು ಸಹಜ. ಆದರೆ ಅದೇ ವೈಟನು ಮುಂದೆ ಬೇರೆ ಸಂಗತಿಗಳನ್ನೂ ಕಂಡನು. ಬೇಸಿಗೆಯ ಬಿರುಬಿಸಿಲಿನಲ್ಲಿ ಆಮೆಯು ಎಲೆಕೋಸಿನ ಎಲೆಯ ಕೆಳಗೆ ನೆರಳನ್ನು ಹುಡುಕಿಕೊಳ್ಳುತ್ತಿತ್ತು. ಚಳಿಗಾಲವು ಸಮೀಪಿಸಿದಾಗ ಗೋಡೆಗೆ ಚಿಪ್ಪನ್ನು ಓರೆಯಾಗಿ ಒರಗಿಸಿ ಕ್ಷೀಣವಾದ ಸೂರ್ಯಕಿರಣಗಳನ್ನು ತಡೆದುಕೊಳ್ಳುತ್ತಿತ್ತು. ಜೂನ್ ತಿಂಗಳ ಮೊದಲ ಭಾಗದಲ್ಲಿ ಬೆಳಗಿನ ಐದು ಗಂಟೆಗೇ ಎದ್ದು ಬೇಲಿಯ ಒಂದೊಂದು ಸಂದನ್ನೂ ಪರೀಕ್ಷಿಸಿ, ಕೆಲವೊಮ್ಮೆ ತೋಟಗಾರನ ಕಣ್ಣು ತಪ್ಪಿಸಿ ದೂರದ ಹೊಲಕ್ಕೂ ಹೋಗುತ್ತಿತ್ತು. ಜಡವೆಂದು ಕಂಡ ಬಾಳಿನೊಳಗೆ ತನ್ನದೇ ಆದ ಲೆಕ್ಕವೂ ಬಯಕೆಯೂ ಇದ್ದುವು. ಅದನ್ನು ಕಾಣಲು ವೈಟನಿಗೆ ವರ್ಷಗಳ ತಾಳ್ಮೆ ಬೇಕಾಯಿತು.

ಇಷ್ಟು ನೋಡಿಯೂ ಆತನಿಗೆ ಒಂದು ದೊಡ್ಡ ವಿಷಯವು ತಿಳಿಯದೆ ಹೋಯಿತು. ಆ ಆಮೆಯನ್ನು ಟಿಮತಿ ಎಂಬ ಗಂಡು ಹೆಸರಿನಿಂದ ಕರೆಯುತ್ತಿದ್ದರು. ಅದು ಹೆಣ್ಣೆಂಬುದು ಗೊತ್ತಾದುದು ಅದು ಸತ್ತ ಮೇಲೆ, ಉಳಿದ ಚಿಪ್ಪನ್ನು ಪರೀಕ್ಷಿಸಿದಾಗ. ಆ ಚಿಪ್ಪು ಲಂಡನ್ನಿನ ಪ್ರಕೃತಿ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಕಣ್ಣೆದುರಿಗಿದ್ದ ಜೀವಿಯ ಹೆಣ್ಣುಗಂಡುತನವನ್ನೂ ತಿಳಿಯದೆ ಆತನು ಅದನ್ನು ತಾನು ಸಾಯುವ ತನಕ ಸಾಕಿದನು. ಆದರೂ ಸಾಕಿದುದು ಸುಳ್ಳಾಗಲಿಲ್ಲ. ಒಂದು ಜೀವಿಯನ್ನು ಕಾಪಾಡಲು ಅದನ್ನು ಪೂರ್ತಿಯಾಗಿ ಅರಿತಿರಲೇಬೇಕೆಂಬ ನಿಯಮವಿಲ್ಲ. ತನಗೆ ತಿಳಿಯದುದು ಬಹಳವಿದೆ ಎಂಬ ಎಚ್ಚರವಿದ್ದರೆ ಸಾಕು. ಆ ಎಚ್ಚರವೇ ಕೈಯನ್ನು ತಡೆಯುತ್ತದೆ.

ಆಮೆಯ ವಿಷಯದಲ್ಲಿ ಭಾರತೀಯರ ಹಳೆಯ ನಂಬಿಕೆಯೊಂದುಂಟು. ಹಕ್ಕಿಯು ಸ್ಪರ್ಶದಿಂದಲೂ ಮೀನು ನೋಟದಿಂದಲೂ ಆಮೆಯು ಕೇವಲ ನೆನಹಿನಿಂದಲೂ ತನ್ನ ಮರಿಗಳನ್ನು ಸಲಹುವುದೆಂಬುದೇ ಅದು. ಗುರುವಿನ ಅನುಗ್ರಹದ ಬಗೆಗಳನ್ನು ವಿವರಿಸುವಾಗ ಈ ಉಪಮೆಗಳನ್ನು ಶೈವಪರಂಪರೆಯಲ್ಲಿ ಬಳಸುತ್ತ ಬಂದಿದ್ದಾರೆ. ಪ್ರಾಣಿಶಾಸ್ತ್ರದ ದೃಷ್ಟಿಯಿಂದ ನೋಡಿದರೆ ತಾಯಿ ಆಮೆಯು ನೆಲದಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ನೆಲದ ಬಿಸಿಯೇ ಮೊಟ್ಟೆಗೆ ಕಾವು. ಮರಿಗಳು ತಾವಾಗಿಯೇ ಹೊರಬಂದು ತಮ್ಮ ಪಾಡನ್ನು ನೋಡಿಕೊಳ್ಳುತ್ತವೆ. ಆದುದರಿಂದ ಆ ನಂಬಿಕೆಯನ್ನು ಪ್ರಕೃತಿಯ ವರದಿಯೆಂದು ಹಿಡಿಯದೆ ಭಾವದ ಪಾಠವೆಂದು ಹಿಡಿಯುವುದು ಯುಕ್ತ. ಮುಟ್ಟದೆಯೂ ಕಣ್ಣಿನಿಂದ ಬೆನ್ನಟ್ಟದೆಯೂ ಅಂತರಂಗದಲ್ಲಿ ಧರಿಸಿಕೊಂಡು ಸಲಹುವ ಒಂದು ರೀತಿಯುಂಟು ಎಂಬುದೇ ಆ ಪಾಠ. ಆಮೆಯನ್ನು ಸಾಕುವವನು ಆಮೆಯಿಂದ ಕಲಿಯಬೇಕಾದುದು ಇದನ್ನೇ. ನೀರು ಬತ್ತಿತೆ, ನೆರಳು ಸರಿಯಿತೆ, ನಾಯಿ ಬೆಕ್ಕುಗಳು ಹತ್ತಿರ ಬಂದುವೆ ಎಂಬ ನೆನಹು ದಿನವೂ ಇರಬೇಕು. ಕೈ ಮಾತ್ರ ದೂರವಿರಬೇಕು.

ಇಲ್ಲಿ ದಾಸೋಹದ ತತ್ತ್ವವು ಸ್ಪಷ್ಟವಾಗುತ್ತದೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣರು ಸೂಕ್ಷ್ಮವಾಗಿ ಗುರುತಿಸಿದ್ದಾರೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ನಿಲ್ಲುವ ಸಂಭವವುಂಟು. ಕೊಟ್ಟವನಿಗೆ ಹೆಸರಿನ ಆಶೆಯೋ ಪುಣ್ಯದ ಆಶೆಯೋ ಉಳಿದಿರಬಹುದು. ದಾಸೋಹದಲ್ಲಾದರೋ ಕೊಡುವವನೇ ದಾಸನು. ಮನೆಗೆ ಬಂದ ಜಂಗಮನು ಗೃಹಸ್ಥನ ಅನುಕೂಲಕ್ಕೆ ಹೊಂದಿಕೊಳ್ಳಬೇಕೆಂದು ಭಕ್ತನು ಎಂದೂ ಬಯಸುವುದಿಲ್ಲ; ಜಂಗಮನ ಅಗತ್ಯಕ್ಕೆ ಮನೆಯನ್ನು ಹೊಂದಿಸುತ್ತಾನೆ. ಹೊರಟಾಗ ಕಟ್ಟಿಹಾಕುವುದಿಲ್ಲ. ಹೊಸ ಮನೆಗೆ ಆಮೆಯು ಹೊಂದಿಕೊಳ್ಳುವುದು ಹೇಗೆ ಎಂದು ಕೇಳುವ ಗೃಹಸ್ಥನು ಆಮೆಗೆ ತನ್ನ ಮನೆಯು ಹೊಂದಿಕೊಳ್ಳುವುದು ಹೇಗೆ ಎಂದು ಪ್ರಶ್ನೆಯನ್ನೇ ಬದಲಾಯಿಸಿಕೊಂಡರೆ ಆತನ ದಾನವು ದಾಸೋಹವಾಗುತ್ತದೆ.

ಪೂಜ್ಯನಾದ ಜಂಗಮನೆಲ್ಲಿ, ತೆವಳುವ ಪ್ರಾಣಿಯೆಲ್ಲಿ, ಇವೆರಡನ್ನೂ ಒಂದೇ ಮಾತಿನಲ್ಲಿ ಹೇಳುವುದು ಉಚಿತವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಇಲ್ಲಿ ಹೋಲಿಸಿದುದು ಪಡೆಯುವವರನ್ನಲ್ಲ, ನೀಡುವವನ ಭಾವವನ್ನು. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವು ಭಕ್ತನಿಗೆ ತಾನು ಎಲ್ಲರಿಗಿಂತ ಕಿರಿಯನೆಂಬ ವಿನಯವನ್ನು ವಿಧಿಸುತ್ತದೆ. ಗುರುವಿನ ಮುಂದೆ, ಹಿರಿಯರ ಮುಂದೆ ವಿನಯವನ್ನು ತೋರುವುದು ಕಷ್ಟವಲ್ಲ. ಅಲ್ಲಿ ಗೌರವವೂ ಭಯವೂ ಸಹಾಯಕ್ಕೆ ಬರುತ್ತವೆ. ಹೊಗಳಲಾರದ, ತೆಗಳಲಾರದ, ಓಡಿಹೋಗಲೂ ಆರದ ಜೀವಿಯ ಮುಂದೆ ಯಾರೂ ನೋಡದಿರುವಾಗ ಉಳಿಯುವ ವಿನಯವೇ ಸ್ವಭಾವವಾದ ವಿನಯ. ಆ ಕಾರಣದಿಂದ ಚಿಕ್ಕ ಪ್ರಾಣಿಯು ಭಕ್ತನಿಗೆ ದೊಡ್ಡ ಒರೆಗಲ್ಲಾಗುತ್ತದೆ.

ಇನ್ನು ಸಾಕಬಹುದೆ, ಸಾಕಬಾರದೆ ಎಂಬ ಪ್ರಶ್ನೆಯು ಉಳಿಯುತ್ತದೆ. ಇದನ್ನು ಬಿಟ್ಟು ದಯೆಯ ವಿಚಾರವು ಪೂರ್ಣವಾಗದು. ದಿಕ್ಕಿಲ್ಲದೆ ಬಂದ ಜೀವಿಗೆ ಆಶ್ರಯ ಕೊಡುವುದು ಬೇರೆ, ನೆಲೆಯುಳ್ಳ ಜೀವಿಯನ್ನು ನೆಲೆಯಿಂದ ಕಿತ್ತು ತರುವುದು ಬೇರೆ. ಟಿಮತಿಯು ಮೊದಲನೆಯ ಬಗೆಯಲ್ಲಿ ವೈಟನ ಪಾಲಿಗೆ ಬಂದಿತು. ಕರ್ನಾಟಕದ ಮನೆಗಳಲ್ಲಿ ಗುಟ್ಟಾಗಿ ಸಾಕಲ್ಪಡುವ ನಕ್ಷತ್ರ ಆಮೆಗಳ ವಿಷಯವಾದರೋ ಬಹುಮಟ್ಟಿಗೆ ಎರಡನೆಯ ಬಗೆಯದು. ಒಣ ಕುರುಚಲು ಕಾಡುಗಳಲ್ಲಿಯೂ ಹುಲ್ಲುಗಾವಲುಗಳಲ್ಲಿಯೂ ವಾಸಿಸುವ, ಚಿಪ್ಪಿನ ಮೇಲೆ ಹಳದಿಯ ನಕ್ಷತ್ರಗಳನ್ನು ಬರೆದಂತೆ ಕಾಣುವ ಈ ಸಾಧುಪ್ರಾಣಿಯನ್ನು ಮನೆಯಲ್ಲಿಟ್ಟರೆ ಐಶ್ವರ್ಯ ಹೆಚ್ಚುವುದೆಂಬ ಮೂಢನಂಬಿಕೆಯಿಂದ ಕೆಲವರು ಕೊಳ್ಳುವರು. ಕೊಳ್ಳುವವರಿರುವುದರಿಂದಲೇ ಹಿಡಿಯುವವರಿರುವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದನ್ನು ಹಿಡಿಯುವುದನ್ನೂ ಮಾರುವುದನ್ನೂ ಮನೆಯಲ್ಲಿಡುವುದನ್ನೂ ನಿಷೇಧಿಸಿದೆ. 2022ರ ತಿದ್ದುಪಡಿಯಲ್ಲಿ ಇದನ್ನು ಅತ್ಯುನ್ನತ ರಕ್ಷಣೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೂ ಇದರ ವ್ಯಾಪಾರಕ್ಕೆ ಕಠಿಣವಾದ ತಡೆಯನ್ನು ಹಾಕಿತು.

ಕಾಯಿದೆಯ ಭಯಕ್ಕಿಂತ ಧರ್ಮದ ಭಯವು ಭಕ್ತನಿಗೆ ಮುಖ್ಯವಾಗಬೇಕು. ಕಾಯಕದಿಂದ ಬಂದ ಸಂಪತ್ತನ್ನೇ ಶುದ್ಧವೆಂದು ಶರಣರು ಒಪ್ಪಿದರು. ಒಂದು ಮೂಕಪ್ರಾಣಿಯ ಸೆರೆಯಿಂದ ಸಂಪತ್ತು ಬರುವುದೆಂದು ನಂಬುವವನು ಕಾಯಕವನ್ನೂ ನಂಬಲಿಲ್ಲ, ದಯೆಯನ್ನೂ ನಂಬಲಿಲ್ಲ. ಅಂಥ ಆಮೆಯು ಮನೆಯಲ್ಲಿದ್ದರೆ ಅಥವಾ ದಾರಿಯಲ್ಲಿ ಸಿಕ್ಕಿ ಯಾರಾದರೂ ತಂದುಕೊಟ್ಟಿದ್ದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದೇ ಸರಿಯಾದ ದಾರಿ. ಪುಣ್ಯವೆಂದು ಬಾವಿಗೋ ಕೆರೆಗೋ ಬಿಡುವುದು ಕೊಲೆಗೆ ಸಮಾನ. ಕೆರೆಯ ಆಮೆ ಬೇರೆ, ನೆಲದ ಆಮೆ ಬೇರೆ. ನೆಲದ ಆಮೆಗೆ ಈಜು ಬಾರದು, ಆಳದ ನೀರಿನಲ್ಲಿ ಅದು ಮುಳುಗಿ ಸಾಯುತ್ತದೆ. ಕಂಡ ಹೊಲದಲ್ಲಿ ಬಿಡುವುದೂ ಯುಕ್ತವಲ್ಲ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತಂದಾಗಲೂ ಅವುಗಳನ್ನು ಆ ಕ್ಷಣವೇ ಕಾಡಿಗೆ ಬಿಡಲಿಲ್ಲ. ಸೆರೆಯಲ್ಲಿದ್ದ ಪ್ರಾಣಿಯು ರೋಗವನ್ನು ಹೊತ್ತು ತಂದಿರಬಹುದು. ತಾನಾಗಿ ಮೇಯುವುದನ್ನು ಮತ್ತೆ ಕಲಿಯಬೇಕಾಗಿರಬಹುದು. ಕಾಡೇ ಅದರ ತವರಾದರೂ ತವರಿಗೆ ಮರಳುವುದಕ್ಕೂ ಕಾಲಾವಕಾಶ ಬೇಕು. ಪ್ರೀತಿಸಿದುದನ್ನು ತನ್ನ ಕೈಯಿಂದ ಬಿಟ್ಟುಕೊಡುವುದು ದುಃಖಕರ. ಆದರೆ ಬಿಟ್ಟುಕೊಡಲಾರದ ಪ್ರೀತಿಯು ಮೋಹವೇ ಹೊರತು ದಯೆಯಲ್ಲ.

ಈ ವಿಚಾರವು ಆಮೆಗೆ ಮಾತ್ರ ಸೀಮಿತವಾದುದಲ್ಲ. ಹಳ್ಳಿಯ ಮನೆಯಲ್ಲಿ ಐವತ್ತು ವರ್ಷ ಬಾಳಿದ ವೃದ್ಧೆಯನ್ನು ಮಗನು ಪಟ್ಟಣಕ್ಕೆ ಕರೆತರುವನು. ಬೆಳಕು, ಹಾಸಿಗೆ, ಔಷಧ, ಆಹಾರಗಳಿಗೆ ಕೊರತೆಯಿಲ್ಲ. ಆದರೂ ಆಕೆಯು ಮೂಲೆಯಲ್ಲಿ ಮೌನವಾಗಿ ಕುಳಿತುಬಿಡುವಳು, ಊಟವು ಸೇರದು. ಇಷ್ಟೆಲ್ಲ ಮಾಡಿದರೂ ತಾಯಿಗೆ ಸಮಾಧಾನವಿಲ್ಲವಲ್ಲ ಎಂದು ಮಗನು ನೊಂದುಕೊಳ್ಳುವನು. ಆಕೆಯು ಕಳೆದುಕೊಂಡುದು ಬಾಗಿಲ ಕಟ್ಟೆಯನ್ನು, ಬೆಳಗಿನ ಬಿಸಿಲಿನ ಜಾಗವನ್ನು, ಹಾದುಹೋಗುವವರ ಪರಿಚಯದ ಮಾತನ್ನು. ಮದುವೆಯಾಗಿ ಬಂದ ಸೊಸೆಯೂ ಓದಲು ಬಂದ ಬಡ ಹುಡುಗನೂ ಇದೇ ರೀತಿ ಮೊದಲ ದಿನಗಳಲ್ಲಿ ತಮ್ಮೊಳಗೆ ತಾವು ಸೇರಿಕೊಳ್ಳುವರು. ಆಗ ಮನೆಯವರು ಏಕೆ ಮಾತಾಡುವುದಿಲ್ಲ, ಏಕೆ ನಗುವುದಿಲ್ಲ ಎಂದು ಹೊರಗೆಳೆಯಲು ಅವಸರಪಡಬಾರದು. ತವರಿನ ಒಂದು ರುಚಿ, ಹಳೆಯ ಒಂದು ಅಭ್ಯಾಸ, ಯಾರೂ ಪ್ರಶ್ನಿಸದ ಒಂದು ಎಡೆ ಇವುಗಳನ್ನು ಉಳಿಸಿಕೊಟ್ಟು ಕಾದರೆ ಮನಸ್ಸು ತಾನಾಗಿಯೇ ಹೊರಗೆ ಬರುತ್ತದೆ. ಮನುಷ್ಯನಿಗೆ ಮಾತಿರುವುದರಿಂದ ಆತನ ವಿಷಯದಲ್ಲಿ ಕೇಳಿ ತಿಳಿಯುವ ಸೌಲಭ್ಯವೂ ಉಂಟು, ಕೇಳದಿರುವುದಕ್ಕೆ ನೆಪವಿಲ್ಲ.

ರಿಂಗ್ಮರಿನ ವೃದ್ಧೆಯನ್ನು ಆಮೆಯು ಗುರುತಿಸಿ ಬರುತ್ತಿದ್ದುದು ಮೂವತ್ತು ವರ್ಷಗಳ ಉಪಚಾರದ ಮೇಲೆ. ಒಂದು ವೇಳೆ ಗುರುತಿಸದೆಯೇ ಹೋಗಿದ್ದರೂ ಆಕೆಯ ಉಪಚಾರಕ್ಕೆ ಕುಂದು ಬರುತ್ತಿರಲಿಲ್ಲ. ಒಲಿದು ಬಂದರೆ ಅದನ್ನು ಪ್ರಸಾದವೆಂದು ಸ್ವೀಕರಿಸಬೇಕು. ಸಲ್ಲತಕ್ಕ ಬಾಕಿಯೆಂದು ಕೇಳಬಾರದು. ಶಿವನು ಪ್ರತಿಯೊಂದು ಜೀವಕ್ಕೂ ಅದರದೇ ಆದ ನಡೆಯನ್ನೂ ವೇಗವನ್ನೂ ಕೊಟ್ಟಿರುವನು. ತನ್ನ ಆಶ್ರಯಕ್ಕೆ ಬಂದ ಜೀವದ ವೇಗಕ್ಕೆ ತನ್ನ ವೇಗವನ್ನು ಇಳಿಸಿಕೊಂಡು ನಡೆಯಬಲ್ಲ ಗೃಹಸ್ಥನ ಮನೆಯಲ್ಲಿ ದಾಸೋಹವು ನಿತ್ಯವೂ ನಡೆಯುತ್ತಿರುವುದು. ಅಂಥ ತಾಳ್ಮೆಯು ಭಕ್ತರೆಲ್ಲರ ಮನೆಗಳಲ್ಲಿ ನೆಲೆಸಲಿ.